ಹುರುಳಿ ಹಾಸಿದ ಇಳಿಜಾರು

ಮೊದಲ ಸಲ ಅಪ್ಪ ಗೇರ್ ಇಳಿಸದೆ ಹೋದದ್ದು ಜಾವಗಲ್ ದಾಟಿದ ಮೇಲೆ ಸಿಗುವ ಒಂದು ಕೆರೆಯ ಏರಿಯ ಮೇಲೆ. ನಾನು ಮೋಟಾರ್ ಸೈಕಲ್ಲಿನ ಪಕ್ಕದ ಸೈಡ್‌ಕಾರಿನಲ್ಲಿ ಕುಳಿತಿದ್ದೆ, ಕಾಲ ಬಳಿ ಔಷಧಿಯ ಪೆಟ್ಟಿಗೆ ಇತ್ತು. ಏರಿ ಮುಗಿಯುವ ಕಡೆ ರಸ್ತೆ ಎಡಕ್ಕೆ ತಿರುಗಿ ಇಳಿಯುತ್ತದೆ. ಆ ತಿರುವಿಗೆ ಬಹಳ ಮುಂಚೆಯೇ ಅಪ್ಪನ ಬಲಗೈ ಹ್ಯಾಂಡಲ್ ಬಿಟ್ಟು ಟ್ಯಾಂಕಿನ ಪಕ್ಕದ ಗೇರ್ ಕೋಲಿಗೆ ಬರುವುದು ರೂಢಿ. ಅವತ್ತು ಬರಲಿಲ್ಲ. ತಲೆಯೆತ್ತಿ ನೋಡಿದೆ. ಅಪ್ಪನ ಕಣ್ಣು ತೆರೆದೇ ಇದ್ದವು. ಬಾಯಿ ಮಾತ್ರ ಎಲೆಅಡಿಕೆ ಹಾಕಿಕೊಂಡವರಂತೆ ಮೆಲ್ಲಗೆ ಅಗಿಯುತ್ತಿತ್ತು. ಅಪ್ಪನಿಗೆ ಎಲೆಅಡಿಕೆಯ ಅಭ್ಯಾಸವೇ ಇರಲಿಲ್ಲ.

"ಅಪ್ಪಾ!" ಎಂದು ಕಿರುಚಿದೆ. ನನ್ನ ಪಕ್ಕದಲ್ಲೇ ನೀರು, ತೀರ ಹತ್ತಿರ. ಏರಿಯ ಅಂಚಿನ ಕಲ್ಲಿಗೆ ಸೈಡ್‌ಕಾರಿನ ಚಕ್ರ ಉಜ್ಜಿಕೊಂಡು ಹೋದ ಸದ್ದು ನನ್ನ ಸೊಂಟದವರೆಗೂ ಬಂತು. ಅಷ್ಟರಲ್ಲಿ ಅಪ್ಪನಿಗೆ ಎಚ್ಚರವಾದಂತಾಯಿತು. ಬ್ರೇಕ್ ತುಳಿದರು, ಹಿಂದಿನ ಚಕ್ರ ಜಾರಿತು, ಗಾಡಿ ಅಡ್ಡಡ್ಡವಾಗಿ ನಿಂತಿತು.

"ಯಾಕೇ ಹಾಗೆ ಕಿರುಚ್ಕೋತೀಯ? ಎತ್ತು ಬೆದರುತ್ತವೆ" ಎಂದರು. ಸುತ್ತ ಎಲ್ಲೂ ಎತ್ತಿರಲಿಲ್ಲ.

ಅದು ಯುದ್ಧದ ಕಾಲ. ನಾನು ಮೈಸೂರಿನ ಕಾನ್ವೆಂಟ್ ಮುಗಿಸಿ, ಇಂಟರ್ಮೀಡಿಯೆಟ್ ಪರೀಕ್ಷೆ ಬರೆದು ಅರಸೀಕೆರೆಯ ಮನೆಗೆ ಬಂದಿದ್ದೆ. ಅಪ್ಪ ಅಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದ ಡಾಕ್ಟರು. ವಾರಕ್ಕೊಂದು ದಿನ ಹಳೇಬೀಡು, ಬೇಲೂರುಗಳಿಗೆ ಹೋಗಿ ರೋಗಿಗಳನ್ನು ನೋಡಿ ಬರುತ್ತಿದ್ದರು. ಪೆಟ್ರೋಲಿಗೆ ರೇಷನ್ ಇದ್ದದ್ದರಿಂದ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸುಗಳು ಎಲ್ಲಿ ಕೆಟ್ಟು ನಿಲ್ಲುತ್ತವೆಯೋ ಹೇಳುವಂತಿರಲಿಲ್ಲ. ಡಾಕ್ಟರಾದದ್ದರಿಂದ ಅಪ್ಪನಿಗೆ ಪೆಟ್ರೋಲಿನ ಕೂಪನ್ ಸಿಗುತ್ತಿತ್ತು. ಸಕಲೇಶಪುರದ ಕಡೆ ಎಸ್ಟೇಟಿನಲ್ಲಿದ್ದ ದೊರೆಯೊಬ್ಬ ಇಂಗ್ಲೆಂಡಿಗೆ ಹೊರಟಾಗ ಬಿಟ್ಟುಹೋದ ದೊಡ್ಡ ಮೋಟಾರ್ ಸೈಕಲ್ಲು ನಮ್ಮದು. ಎರಡು ಸಿಲಿಂಡರ್, ಎಡಗಡೆ ದೋಣಿಯಂಥ ಸೈಡ್‌ಕಾರು. ಅದಕ್ಕೂ ಮೊದಲು ನಮ್ಮಲ್ಲಿ ಒಂದು ಪುಟ್ಟ ಮೋಟಾರ್ ಸೈಕಲ್ ಇತ್ತು, ಅದನ್ನು ರಜದಲ್ಲಿ ಬಂದಾಗ ಕಾಂಪೌಂಡಿನ ಒಳಗೇ ಓಡಿಸಿ ನಾನು ಧೈರ್ಯಸ್ಥೆ ಎಂದುಕೊಂಡಿದ್ದೆ. ಪುಟ್ಟದನ್ನು ಕಾಲೂರಿ ನಿಲ್ಲಿಸಬಹುದಾಗಿತ್ತು. ದೊಡ್ಡದಕ್ಕೆ ಕಾಲೂರಿದರೆ ಕಾಲೇ ಹೋಗುತ್ತಿತ್ತು.

ಏರಿಯ ಮೇಲಿನ ಆ ದಿನದ ನಂತರ ನಾನು ಅಪ್ಪನನ್ನು ಕದ್ದು ನೋಡತೊಡಗಿದೆ. ಊಟದ ನಡುವೆ ತುತ್ತು ಹಿಡಿದ ಕೈ ಒಮ್ಮೊಮ್ಮೆ ಹಾಗೇ ನಿಲ್ಲುತ್ತಿತ್ತು. ಔಷಧಿ ಬರೆಯುವಾಗ ಪೆನ್ನು ಒಂದೇ ಕಡೆ ನಿಂತು ಶಾಯಿ ಹರಡುತ್ತಿತ್ತು. ರೋಗಿ ಪಾಪ, ಡಾಕ್ಟರು ಯೋಚನೆ ಮಾಡುತ್ತಿದ್ದಾರೆಂದು ಭಕ್ತಿಯಿಂದ ಕಾಯುತ್ತಿದ್ದ. ಇನ್ನೊಂದು ವಿಷಯ ಗಮನಿಸಿದೆ. ಹಾಗಾಗುವ ಮುಂಚೆ ಅಪ್ಪ ಮೂಗೆತ್ತಿ, "ಏನೋ ಸುಟ್ಟ ವಾಸನೆ, ಅಲ್ವೇ?" ಎನ್ನುತ್ತಿದ್ದರು. ಅಮ್ಮ ಓಡಿಹೋಗಿ ಒಲೆ ನೋಡಿ ಬರುತ್ತಿದ್ದಳು. ಏನೂ ಸೀದಿರುತ್ತಿರಲಿಲ್ಲ. "ನಿಮ್ಮ ಮೂಗಿಗೇ ಔಷಧಿ ಬೇಕು, ನೋಡಿ" ಎಂದು ನಗುತ್ತಿದ್ದಳು. ಅಮ್ಮನಿಗೆ ಬೇರೇನೂ ಗೊತ್ತಿರಲಿಲ್ಲ. ನಾನು ಮಾತ್ರ ಆ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಅಪ್ಪನ ಬಾಯಿ ನೋಡುತ್ತಿದ್ದೆ.

ಅಪ್ಪನಿಗೆ ನೇರವಾಗಿ ಹೇಳುವ ಧೈರ್ಯ ನನಗಿರಲಿಲ್ಲ. ಒಂದು ಬೆಳಿಗ್ಗೆ, "ಪಾ, ಐ ವಾಂಟ್ ಟು ಲರ್ನ್ ದ ಬಿಗ್ ಒನ್" ಎಂದೆ. ಇಂಗ್ಲಿಷಿನಲ್ಲಿ ಕೇಳಿದರೆ ಅಪ್ಪನಿಗೆ ಬೇಡವೆನ್ನುವುದು ಕಷ್ಟವಾಗುತ್ತಿತ್ತು. ಅವರು ತುಸು ಹೊತ್ತು ನನ್ನ ಮುಖವನ್ನೇ ನೋಡಿದರು. ಯಾಕೆ ಎಂದು ಕೇಳಲಿಲ್ಲ. "ನಾಳೆಯಿಂದ" ಎಂದಷ್ಟೇ ಹೇಳಿದರು.

ಬಾಣಾವರದ ರಸ್ತೆಯಲ್ಲಿ ಊರು ದಾಟಿದ ಮೇಲೆ ಒಂದು ಉದ್ದನೆಯ ಇಳಿಜಾರಿದೆ. ಪಾಠ ಅಲ್ಲಿ. ಸೀರೆಯ ಕೆಳಗೆ ಅಪ್ಪನ ಹಳೆಯ ಖಾಕಿ ಪ್ಯಾಂಟು, ಸೆರಗು ಬಿಗಿಯಾಗಿ ಸೊಂಟಕ್ಕೆ. ಅಪ್ಪ ಸೈಡ್‌ಕಾರಿನಲ್ಲಿ ಔಷಧಿಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಅದರ ಖಾನೆಗಳಲ್ಲಿ ಮಿಕ್ಸ್ಚರ್ ಬಾಟಲಿಗಳು ಒಂದಕ್ಕೊಂದು ತಾಗಿದಂತೆ ನಿಂತಿರುತ್ತಿದ್ದವು.

"ಬ್ರೇಕ್ ಅನ್ನೋದು ಕಡೇ ಮಾತು ಕಣೇ" ಎಂದರು ಅಪ್ಪ ಮೊದಲ ದಿನ. "ಇಷ್ಟು ಭಾರ ಇಳಿಜಾರಲ್ಲಿ ಹೊರಟ್ರೆ ಬ್ರೇಕಿಗೆ ನಿಲ್ಲೋಲ್ಲ. ಒತ್ತಿ ತುಳಿದ್ಯೋ, ಚಕ್ರ ನಿಂತುಬಿಡುತ್ತೆ, ಗಾಡಿ ಮಾತ್ರ ನಿಲ್ಲೋಲ್ಲ. ಮೊದ್ಲು ಗೇರ್ ಇಳಿಸು. ಇಂಜಿನ್ನೇ ಹಿಡ್ಕೊಳ್ಳುತ್ತೆ. ಆಮೇಲೆ ಬ್ರೇಕಿಗೆ ಸುಮ್ನೆ ಕಾಲು ಸವರು, ಸಾಕು."

ಹೇಳುವುದು ಸುಲಭ. ಥ್ರಾಟಲ್ ತಿರುಗಿಸುವುದೂ ಬಲಗೈ, ಗೇರ್ ಕೋಲು ಎಳೆಯುವುದೂ ಬಲಗೈ. ಆದ್ದರಿಂದ ಕೈ ತೆಗೆಯುವ ಮುಂಚೆ ಥ್ರಾಟಲನ್ನು ಒಂದಿಷ್ಟು ತೆರೆದೇ ಬಿಡಬೇಕು. ಅದು ಬಿಟ್ಟಲ್ಲೇ ನಿಲ್ಲುವಂಥದ್ದು. ಎಡಗೈಯಲ್ಲಿ ಕ್ಲಚ್ ಹಿಂಡಬೇಕು, ಅದೇ ಕೈಯಿಂದ ಹ್ಯಾಂಡಲನ್ನೂ ನೆಟ್ಟಗೆ ಹಿಡಿಯಬೇಕು. ಕ್ಲಚ್ ಹಿಂಡಿದ ಕೂಡಲೇ ಭಾರ ಕಳೆದುಕೊಂಡ ಇಂಜಿನ್ನು ತಾನಾಗಿ ದನಿ ಏರಿಸುತ್ತದೆ. ಬಲಗೈ ಕೋಲನ್ನು ಕೆಳಗಿನ ಗೇರಿಗೆ ಎಳೆದು, ಇಂಜಿನ್ನಿನ ದನಿ ಚಕ್ರದ ವೇಗಕ್ಕೆ ಸರಿಯಾಗಿ ಕೂಡಿದ ಗಳಿಗೆಯಲ್ಲಿ ಕ್ಲಚ್ ಬಿಡಬೇಕು. ಮುಂಚೆ ಬಿಟ್ಟರೆ ಗಾಡಿ ಮುಗ್ಗರಿಸುತ್ತದೆ. ತಡವಾದರೆ ಮುಂದಕ್ಕೆ ಎಗರುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಬಾಟಲಿಗಳು ಖಣ್ ಎನ್ನುತ್ತವೆ.

"ಮಾತಾಡಿದ್ವು" ಎನ್ನುತ್ತಿದ್ದರು ಅಪ್ಪ. "ತಿರುಗಿಸು. ಮತ್ತೆ ಮೇಲಿಂದ."

ಕರಾರು ಇಷ್ಟೇ. ಇಡೀ ಇಳಿಜಾರು ಬಾಟಲಿ ಮಾತಾಡದ ಹಾಗೆ ಇಳಿಸಿದ ದಿನ ಸೀಟು ನನಗೆ. ಅಲ್ಲಿಯವರೆಗೆ ಕೆರೆ ಏರಿಗಳ ಮೇಲೆ ಅಪ್ಪನೇ ಓಡಿಸುವುದು. ಅವರು ಅದನ್ನು ತಮಾಷೆಯೆಂಬಂತೆ ಹೇಳಿದರು, ನಾನೂ ನಕ್ಕೆ. ಆದರೆ ಪ್ರತಿ ವಾರವೂ ಜಾವಗಲ್ಲಿನ ಆ ಏರಿ ಬರುತ್ತಿತ್ತು. ಅಲ್ಲಿ ಸೈಡ್‌ಕಾರಿನ ಅಂಚು ಹಿಡಿದು ಅಪ್ಪನ ಬಾಯಿಯನ್ನೇ ನೋಡುತ್ತ ಕೂರುತ್ತಿದ್ದೆ. ಆ ದವಡೆ ಅಗಿಯತೊಡಗಿದರೆ ನಾನು ಮಾಡಬಹುದಾದದ್ದೇನೂ ಇರಲಿಲ್ಲ. ಕಿರುಚಬಹುದಾಗಿತ್ತು, ಅಷ್ಟೇ.

ಕಾನ್ವೆಂಟಿನಲ್ಲಿ ಪಿಯಾನೋ ಕಲಿಸುತ್ತಿದ್ದ ಐರಿಷ್ ಸಿಸ್ಟರ್ ಒಬ್ಬರಿದ್ದರು. ನನ್ನ ಬೆರಳು ಆತುರಪಟ್ಟಾಗಲೆಲ್ಲ ಸ್ಕೇಲಿನಿಂದ ತಟ್ಟಿ, "ಲಿಸನ್ ಫಸ್ಟ್, ಚೈಲ್ಡ್, ದೆನ್ ಟಚ್" ಎನ್ನುತ್ತಿದ್ದರು. ಬಾಣಾವರದ ಇಳಿಜಾರಿನಲ್ಲಿ ನನಗೆ ಅವರು ದಿನವೂ ನೆನಪಾಗುತ್ತಿದ್ದರು. ಇಂಜಿನ್ನಿನ ಸ್ವರ ಹಿಡಿಯಲು ಕಿವಿಗೆ ಬರುತ್ತಿತ್ತು. ಕೈಗೆ ಬರುತ್ತಿರಲಿಲ್ಲ, ಏಕೆಂದರೆ ಒಂದು ಕಿವಿ ಸದಾ ಅಪ್ಪನ ಕಡೆಗೇ ಇರುತ್ತಿತ್ತು.

ರಸ್ತೆಯಲ್ಲಿ ನೋಡುವವರಿಗೆ ಅದೊಂದು ನಾಟಕ. ತೆಂಗಿನಕಾಯಿ ಗಾಡಿಯ ಮೇಲಿದ್ದವನೊಬ್ಬ ಹಿಂದಿನ ಗಾಡಿಯವನಿಗೆ ಕೂಗಿ ಹೇಳುತ್ತಿದ್ದ: "ಏನ್ಲಾ ಕಾಲ ಬಂತು! ಡಾಕ್ಟ್ರು ತೊಟ್ಲಾಗೆ ಕುಂತವ್ರೆ, ಮಗ್ಳು ಸವಾರಿ ಮಾಡ್ತಾವ್ಳೆ!"

"ಸುಮ್ಕಿರ್ಲಾ. ನಾಳೆ ನಿನ್ನ ಹೆಂಡ್ರು ಗಾಡಿ ಹೊಡೀತಾಳೆ. ನೀನು ಹಿಂದ್ಗಡೆ ಕಾಯಿ ಎಣುಸ್ಕಂಡು ಕುಂತ್ಕ."

ಅಪ್ಪ ಇದಕ್ಕೆಲ್ಲ ಜೋರಾಗಿ ನಗುತ್ತಿದ್ದರು. ಅಮ್ಮ ಮಾತ್ರ ನಗುತ್ತಿರಲಿಲ್ಲ. ನನ್ನ ಕೈಯ ಗ್ರೀಸ್ ನೋಡಿ, "ನೋಡೋಕೆ ಬಂದ ಗಂಡಿನ ಮುಂದೆ ಹಾಡು ಹೇಳ್ತೀಯೋ, ಗೇರ್ ಹಾಕಿ ತೋರಿಸ್ತೀಯೋ? ಮೊದ್ಲೇ ಹೇಳಿಬಿಡು, ತಿಂಡಿ ಮಾಡೋ ಶ್ರಮ ಉಳಿಯುತ್ತೆ" ಎನ್ನುತ್ತಿದ್ದಳು. ಅವಳಿಗೆ ನಿಜ ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿಗೆ ಬಂದಿತ್ತು. ಹೇಳಿದರೆ ಅಪ್ಪನನ್ನು ಮನೆಯಲ್ಲಿ ಕೂರಿಸುತ್ತಾಳೆ, ಕೂತರೆ ಅಪ್ಪ ಬದುಕುವುದಿಲ್ಲ ಎನ್ನಿಸುತ್ತಿತ್ತು. ಹೇಳದಿದ್ದರೂ ಬದುಕುವುದಿಲ್ಲ ಎಂದು ಮರುಗಳಿಗೆಯೇ ಅನ್ನಿಸುತ್ತಿತ್ತು.

ಚಳಿ ಬಂತು. ಹುರುಳಿಯ ಕೊಯ್ಲು ಬಂತು. ನಮ್ಮ ಕಡೆ ಹುರುಳಿ ಕಿತ್ತ ಮೇಲೆ ಬಳ್ಳಿಯನ್ನೆಲ್ಲ ತಂದು ರಸ್ತೆಗೇ ಹಾಸಿಬಿಡುತ್ತಾರೆ. ಗಾಡಿ, ಬಸ್ಸು ಅದರ ಮೇಲೆ ಹಾದು ಕಾಳು ಉದುರಬೇಕು. ಕಣ ಮಾಡಿ ಎತ್ತು ಕಟ್ಟಿ ತುಳಿಸುವ ಶ್ರಮ ತಪ್ಪುತ್ತದೆ. ಹೆಂಗಸರು ಪಕ್ಕದಲ್ಲಿ ಕೋಲು ಹಿಡಿದು ಕೂತಿರುತ್ತಾರೆ, ಒಂದು ವಾಹನ ಹೋದ ಮೇಲೆ ಬಳ್ಳಿ ತಿರುವಿ ಹಾಕುತ್ತಾರೆ. ದೂರದಲ್ಲಿ ಮೋಟಾರಿನ ಸದ್ದು ಕೇಳಿದರೆ ತುಳಿಯದೆ ಉಳಿದ ಬಳ್ಳಿಯನ್ನು ತೋಳ್ತುಂಬ ತಂದು ಚಕ್ರ ಬರುವ ಜಾಗಕ್ಕೇ ಎಸೆದು, "ಬನ್ನಿ, ಬನ್ನಿ, ಮ್ಯಾಲೇ ಬುಡಿ!" ಎಂದು ಕರೆಯುತ್ತಾರೆ. ಅಂಚಿನಲ್ಲಿ ತಪ್ಪಿಸಿಕೊಂಡು ಹೋದರೆ ಅವರಿಗೆ ಅವಮಾನ. ಅಪ್ಪ ಯಾವಾಗಲೂ ಅವರು ಹೇಳಿದಂತೆ ಮೇಲೆಯೇ ಹೋಗುತ್ತಿದ್ದರು, ಆದರೆ ಕೆಳಗಿನ ಗೇರಿನಲ್ಲಿ, ಎತ್ತಿನ ನಡಿಗೆಯಲ್ಲಿ. ಒಣಗಿದ ಹುರುಳಿ ಬಳ್ಳಿಯ ಮೇಲೆ ಬ್ರೇಕ್ ಹಾಕುವುದೂ ಎಣ್ಣೆಯ ಮೇಲೆ ಕಾಲಿಡುವುದೂ ಒಂದೇ.

ಆ ದಿನ ಬೆಳಿಗ್ಗೆ ಹಳೇಬೀಡಿನಲ್ಲಿ ರೋಗಿಗಳು ಬಹಳ. ದೇವಸ್ಥಾನದ ಎದುರಿನ ಬಾಡಿಗೆ ಕೋಣೆಯಲ್ಲಿ ಅಪ್ಪ ಮಧ್ಯಾಹ್ನದವರೆಗೂ ತಲೆಯೆತ್ತಲಿಲ್ಲ. ನಾನು ಬಾಟಲಿ ತುಂಬಿ, ಬಿರಡೆ ಹಾಕಿ, ಚೀಟಿ ಅಂಟಿಸಿ ಕೊಡುತ್ತಿದ್ದೆ. ಹೊರಟಾಗ ಅಪ್ಪ ಸೀಟಿನ ಹತ್ತಿರ ಹೋಗಿ, ಅದರ ಮೇಲೆ ಕೈಯಿಟ್ಟು ಒಂದು ಕ್ಷಣ ನಿಂತರು. ಆಮೇಲೆ ಸುತ್ತಿ ಬಂದು ಸೈಡ್‌ಕಾರಿನಲ್ಲಿ ಕುಳಿತರು.

"ಬೇಲೂರಿನವರೆಗೆ ನೀನೇ ನಡೆಸು" ಎಂದರು. "ಇಲ್ಲಿಂದ ಮುಂದೆ ಏರಿಯೇನೂ ಇಲ್ಲ. ಪ್ರಾಕ್ಟೀಸ್ ಆಗುತ್ತೆ."

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಅವರ ಮುಖ ಬಿಳಿಚಿಕೊಂಡಿತ್ತು.

ಹಗರೆಗೆ ಮುಂಚೆ ರಸ್ತೆ ಒಂದು ದಿಣ್ಣೆ ಹತ್ತಿ ಇಳಿಯುತ್ತದೆ. ದಿಣ್ಣೆಯ ತಲೆಯ ಮೇಲಿಂದಲೇ ಕಂಡಿತು: ಇಳಿಜಾರಿನ ಬುಡದಲ್ಲಿ ರಸ್ತೆಯುದ್ದಕ್ಕೂ ಕಂದು ಬಣ್ಣದ ಹುರುಳಿ, ಅದರ ಮೇಲೆ ಮೂರ್ನಾಲ್ಕು ಜನ ಹೆಂಗಸರು, ಒಬ್ಬ ಮುದುಕಿ ನಡುರಸ್ತೆಯಲ್ಲೇ ಬಗ್ಗಿ ಬಳ್ಳಿ ತಿರುವುತ್ತಿದ್ದಾಳೆ. ನನಗೆ ಬೇಕಾದಷ್ಟು ಜಾಗವಿತ್ತು. ಥ್ರಾಟಲ್ ಒಂದಿಷ್ಟು ತೆರೆದು ಬಿಟ್ಟೆ. ಕ್ಲಚ್ ಹಿಂಡಿದೆ. ಬಲಗೈ ಕೋಲಿಗೆ ಬಂತು, ಕೋಲು ಎರಡನೆಯ ಗೇರಿಗೆ ಮೆತ್ತಗೆ ಬಿತ್ತು.

"ಏನೋ ಸುಟ್ಟ ವಾಸನೆ" ಎಂದರು ಅಪ್ಪ.

ಕ್ಲಚ್ ಹಿಂಡಿದ್ದ ನನ್ನ ಎಡಗೈಯ ಮೇಲೆ ಅಪ್ಪನ ಬಲಗೈ ಬಂದು ಮುಚ್ಚಿಕೊಂಡಿತು. ಕೆಳಗೆ ನೋಡಿದೆ. ಕಣ್ಣು ತೆರೆದಿದ್ದವು, ದವಡೆ ಅಗಿಯುತ್ತಿತ್ತು. ಕೈ ಮಾತ್ರ ಸೈಡ್‌ಕಾರಿನಿಂದ ಮೇಲೆ ಚಾಚಿ ನನ್ನ ಬೆರಳುಗಳ ಸಮೇತ ಕ್ಲಚ್ಚನ್ನು ಹಿಡಿದುಬಿಟ್ಟಿತ್ತು. ಬಲಗೈಯಿಂದ ಬಿಡಿಸಿಕೊಳ್ಳಲು ನೋಡಿದೆ. ಆ ಕೈಗೆ ಎಂಥ ಬಲ! ಗಾಡಿಗೆ ಈಗ ಗೇರೇ ಇಲ್ಲದಂತಾಯಿತು. ಅಷ್ಟು ಭಾರ, ಅಪ್ಪ, ನಾನು, ಎಲ್ಲ ಇಳಿಜಾರಿಗೆ ಬಿಟ್ಟುಕೊಂಡ ಹಾಗೆ ಓಡತೊಡಗಿತು. ಇಂಜಿನ್ನು ಹೊರೆಯಿಲ್ಲದೆ ಕೂಗುತ್ತಿತ್ತು.

ಆ ಕೂಗೇ ಕೆಟ್ಟದ್ದು ಮಾಡಿತು. ಕೆಳಗಿದ್ದವರು ಅದನ್ನು ಕೇಳಿ ನಮ್ಮ ಡಾಕ್ಟರು ಇವತ್ತು ಹುರುಪಿನಿಂದ ತುಳಿಯಲು ಬರುತ್ತಿದ್ದಾರೆ ಎಂದುಕೊಂಡರು. "ಬತ್ತಾವ್ರೆ, ಬತ್ತಾವ್ರೆ! ತತ್ತಾರೇ ಇನ್ನೊಂದ್ ಹೊರೆ!" ಎಂದು ನಗುತ್ತ, ತೋಳ್ತುಂಬ ಬಳ್ಳಿ ತಂದು ನಮ್ಮ ದಾರಿಗೇ ಎಸೆಯತೊಡಗಿದರು. ಮುದುಕಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು ನೋಡುತ್ತಿದ್ದಳು. ಡಾಕ್ಟರ ಗಾಡಿ ಎತ್ತಿನ ನಡಿಗೆಯಲ್ಲೇ ಬರುತ್ತದೆಂದು ಅವಳಿಗೆ ಗೊತ್ತು. ಹಾರ್ನು ಒತ್ತಲು ನನಗೆ ಕೈಯಿರಲಿಲ್ಲ.

ಗಟ್ಟಿ ನೆಲ ಇರುವವರೆಗೆ ಮಾತ್ರ ಬ್ರೇಕ್. ಅಷ್ಟು ಯೋಚಿಸಿದ್ದು ನೆನಪಿದೆ. ಬಲಗಾಲನ್ನು ಒತ್ತಿದೆ, ಚಕ್ರ ನಿಲ್ಲುವಷ್ಟಲ್ಲ, ನಿಲ್ಲುವುದಕ್ಕೆ ಒಂದು ಕೂದಲೆಳೆ ಹಿಂದೆ. ಬಳ್ಳಿಯ ಅಂಚು ಬಂದ ಕೂಡಲೇ ಕಾಲು ಎತ್ತಿಬಿಟ್ಟೆ. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ. ತುಳಿ ತುಳಿ ಎಂದು ಕಾಲೇ ಬೇಡುತ್ತಿತ್ತು. ಹೆಂಗಸರು ಚೀರಿ ಆಚೀಚೆ ಹಾರಿದರು. ಗಾಡಿ ಹೊರೆಗಳೊಳಗೆ ನುಗ್ಗಿತು. ಬಳ್ಳಿ ಚಕ್ರಕ್ಕೆ ಸುತ್ತಿ, ಮುಖಕ್ಕೆ ರಾಚಿ, ವೇಗ ಮುರಿಯಿತು. ಆದರೂ ಮುದುಕಿ ಮುಂದೆಯೇ ಇದ್ದಳು. ಅಷ್ಟರಲ್ಲಿ ಅಪ್ಪನ ಬೆರಳು ಸಡಿಲಗೊಂಡಿದ್ದು ಗೊತ್ತಾಯಿತು. ನಾನು ಕೈ ಕಿತ್ತುಕೊಳ್ಳಲಿಲ್ಲ. ಬಲಗೈ ಥ್ರಾಟಲ್ ಮೇಲೆ ಬಂದು ಇಂಜಿನ್ನಿನ ದನಿಯನ್ನು ಇಳಿಸಿತು. ಇಳಿಸಿತು, ಇನ್ನಷ್ಟು ಇಳಿಸಿತು. ಸ್ವರ ಕೂಡಿತು ಎನ್ನಿಸಿದಾಗ ಕ್ಲಚ್ ಬಿಟ್ಟೆ. ಇಂಜಿನ್ನು ಹಿಡಿದುಕೊಂಡಿತು, ತಾಯಿ ಮಗುವಿನ ರಟ್ಟೆ ಹಿಡಿದ ಹಾಗೆ. ಮುದುಕಿ ತನ್ನ ಪಾಡಿಗೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು. ಅವಳ ಸೀರೆಯ ಸೆರಗು ನನ್ನ ಮೊಣಕಾಲಿಗೆ ತಾಗಿತು.

ಬಾಟಲಿಗಳು ಸದ್ದು ಮಾಡಿರಲಿಲ್ಲ. ಕೇಳಬೇಕಾದವರು ಅಲ್ಲಿರಲಿಲ್ಲ.

ಗಾಡಿ ನಿಲ್ಲಿಸಿದೆ. ಮುದುಕಿ ನಗುತ್ತಲೇ ಹತ್ತಿರ ಬಂದು ಸೈಡ್‌ಕಾರಿನೊಳಗೆ ಬಗ್ಗಿ ನೋಡಿದಳು. ನಗು ನಿಂತಿತು.

"ಇದೇನವ್ವಾ? ಡಾಕ್ಟ್ರು ಏನ ಅಗೀತವ್ರೆ? ಕಣ್ಣು ಬುಟ್ಕಂಡೇ ಮನಿಕಂಡವ್ರಲ್ಲ!"

"ಏನಿಲ್ಲಜ್ಜೀ, ಆಯಾಸ" ಎಂದೆ.

"ಆಯಾಸ ಅಲ್ಲ ಕಣವ್ವ. ನಮ್ಮ ಮೈದ್ನಂಗೂ ಹಿಂಗೇ ಬತ್ತಿತ್ತು. ಬಾವಿ ಕಟ್ಟೆ ಮ್ಯಾಲೆ ಕುಂತಿದ್ದ..." ಎಂದು ಅವಳು ಅಲ್ಲಿಗೇ ನಿಲ್ಲಿಸಿದಳು. ಸೊಂಟದಲ್ಲಿದ್ದ ಕಬ್ಬಿಣದ ಬೀಗದ ಕೈ ತೆಗೆದು ಅಪ್ಪನ ಅಂಗೈಯಲ್ಲಿಟ್ಟು, ತನ್ನ ಎರಡೂ ಕೈಗಳಿಂದ ಮುಚ್ಚಿ ಹಿಡಿದಳು. ಮೂರ್ಛೆ ಬಂದವರಿಗೆ ಹೀಗೆ ಕಬ್ಬಿಣ ಹಿಡಿಸುವವರನ್ನು ಕಂಡರೆ ಅಪ್ಪನಿಗೆ ಆಗುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಅದಕ್ಕಾಗಿ ಗದರಿಸಿದ್ದನ್ನು ನಾನೇ ಕೇಳಿದ್ದೆ.

ಅಪ್ಪ ಕಣ್ಣು ಮಿಟುಕಿಸಿದರು. ಮೊದಲು ಮುದುಕಿಯನ್ನು, ಆಮೇಲೆ ಸುತ್ತ ಚೆಲ್ಲಾಡಿದ್ದ ಬಳ್ಳಿಯನ್ನು, ದೂರ ನಿಂತು ಬಾಯಿಗೆ ಸೆರಗು ಹಿಡಿದಿದ್ದ ಹೆಂಗಸರನ್ನು ನೋಡಿದರು. ಅಂಗೈ ಬಿಚ್ಚಿ ಬೀಗದ ಕೈ ನೋಡಿದರು. ಗದರಿಸಲಿಲ್ಲ. ಸೈಲೆನ್ಸರಿಗೆ ಸುತ್ತಿಕೊಂಡಿದ್ದ ಹುರುಳಿ ಬಳ್ಳಿಯಿಂದ ಸಣ್ಣಗೆ ಹೊಗೆ ಏಳತೊಡಗಿತ್ತು.

"ಈಗ ನಿಜವಾಗ್ಲೂ ಸುಡ್ತಿದೆ ಕಣೇ" ಎಂದರು.

ನಾನು ಇಳಿದು ಬಳ್ಳಿ ಕಿತ್ತುಹಾಕಿದೆ. ಬೆರಳು ಸುಟ್ಟುಕೊಂಡೆ. ತಲೆ ತಗ್ಗಿಸಿಕೊಂಡೇ ಕೆಲಸ ಮಾಡುತ್ತಿದ್ದೆ. ಅಪ್ಪ ಕೇಳಿದರು: "ಯಾವಾಗಿಂದ ಗೊತ್ತು ನಿಂಗೆ?"

"ಜಾವಗಲ್ ಏರಿಯಿಂದ."

"ನಂಗೆ ಅದಕ್ಕೂ ಮುಂಚಿಂದ." ಅಂಗೈಯ ಬೀಗದ ಕೈಯನ್ನು ಹೊರಳಿಸುತ್ತ, "ಈಗ ನಾನೇನು ಮಾಡ್ದೆ?" ಎಂದರು.

ಹೇಳಿದೆ. ಕ್ಲಚ್ಚು, ಕೈ, ಇಳಿಜಾರು, ಮುದುಕಿ, ಎಲ್ಲ. ಅಪ್ಪ ರೋಗಿಯ ಮನೆಯವರ ಮಾತು ಕೇಳುವ ಹಾಗೆ, ನಡುವೆ ಬಾಯಿ ಹಾಕದೆ ಕೇಳಿದರು. ಬಾಟಲಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುದುಕಿಗೆ ಬೀಗದ ಕೈಯನ್ನು ಹಿಂದಕ್ಕೆ ಕೊಟ್ಟು ಕೈ ಮುಗಿದರು. ಅವಳು, "ಹೋಗಿ ಬಾ ನಮ್ಮಪ್ಪ. ಗಾಡಿ ಮಗ್ಳಿಗೇ ಬುಡು" ಎಂದಳು.

"ಬಿಟ್ಟೆ ಕಣಮ್ಮ" ಎಂದರು ಅಪ್ಪ.

ಅಷ್ಟು ಸುಲಭವಾಗಿ ಆ ಮಾತು ಬಂದದ್ದು ಕೇಳಿ ನನಗೆ ಸಮಾಧಾನವಾಗಲಿಲ್ಲ. ಅಪ್ಪ ಔಷಧಿಯ ಪೆಟ್ಟಿಗೆ ತೆಗೆದು ಅದರೊಳಗಿಂದ ಬ್ಯಾಂಡೇಜಿನ ಸುರುಳಿಯೊಂದನ್ನು ನನ್ನ ಕೈಗೆ ಕೊಟ್ಟರು. ಬಲಗೈಯನ್ನು ಸೈಡ್‌ಕಾರಿನ ಒಳಗಿನ ಹಿಡಿಕಂಬಿಯ ಮೇಲಿಟ್ಟರು.

"ಕಟ್ಟು."

"ಬೇಡಪ್ಪ. ಪ್ಲೀಸ್."

"ಇನ್ನೊಂದ್ಸಲ ನಿನ್ನ ಕೈ ಹಿಡ್ಕೊಂಡ್ರೆ? ಮುಂದೆ ಯಗಚಿ ಸೇತುವೆ ಇದೆ. ಕಟ್ಟು. ರೀಫ್ ನಾಟ್ ಗಂಟು ಹಾಕು, ಗರ್ಲ್ ಗೈಡ್ಸಲ್ಲಿ ಕಲಿತಿದ್ದೀಯಲ್ಲ. ನಾನೇ ಬಿಚ್ಚೋ ಹಾಗಿರಬಾರ್ದು."

ಕಟ್ಟಿದೆ. ನಡುರಸ್ತೆಯಲ್ಲಿ, ಅಷ್ಟು ಜನರ ಎದುರಿಗೆ, ನಮ್ಮ ಅಪ್ಪನ ಮಣಿಕಟ್ಟನ್ನು ಕಂಬಿಗೆ ಬಿಗಿದು ಕಟ್ಟಿದೆ. ಗಂಟು ಬಿಗಿಯುವಾಗ ಅವರು ಮುಖವನ್ನು ಹೊಲದ ಕಡೆ ತಿರುಗಿಸಿಕೊಂಡಿದ್ದರು. ಬೇಲೂರಿನಲ್ಲಿ ಕಾಯುತ್ತಿದ್ದ ರೋಗಿಗಳು, "ಅಯ್ಯೋ, ಡಾಕ್ಟ್ರ ಕೈ ಮುರಿದೈತೆ!" ಎಂದು ಓಡಿಬಂದರು. ಅಪ್ಪ, ನಾನು ಗಂಟು ಬಿಚ್ಚುವವರೆಗೆ ನೆಟ್ಟಗೆ ಕೂತಿದ್ದು, ಆಮೇಲೆ ಇಳಿದುಹೋಗಿ ಜ್ವರ ನೋಡತೊಡಗಿದರು.

ಅಲ್ಲಿಂದ ಮುಂದೆ ಎಲ್ಲ ಏರಿಗಳ ಮೇಲೂ ನಾನೇ ಓಡಿಸಿದೆ. ಮನೆಯ ಮುಂದೆ ಕಟ್ಟುವುದು ಬೇಡ, ಅಮ್ಮ ನೋಡುತ್ತಾಳೆ ಎಂದು ಊರು ದಾಟಿದ ಮೇಲೆ ನಿಲ್ಲಿಸುತ್ತಿದ್ದೆ. ಅಪ್ಪ ಕೈ ಚಾಚುತ್ತಿದ್ದರು. ಓಡಿಸುವಾಗ ನಾನು ಪಕ್ಕಕ್ಕೆ ತಿರುಗಿ ನೋಡುತ್ತಿರಲಿಲ್ಲ, ರಸ್ತೆ ಬಿಟ್ಟು ಕಣ್ಣು ತೆಗೆಯಬಾರದೆಂದು ಅವರೇ ಕಲಿಸಿದ್ದರು. ಕೆಲವೊಮ್ಮೆ ಗೇರ್ ಇಳಿಸುವ ಹೊತ್ತಿಗೆ ಸರಿಯಾಗಿ ಎಡಗಡೆಯಿಂದ ಅಪ್ಪನ ಕೈ ಎಳೆದು ಬ್ಯಾಂಡೇಜು ಬಿಗಿಯುವ ಸದ್ದು ಕೇಳುತ್ತಿತ್ತು. ಕಂಬಿ ಒಂದು ಸಲ ಕಿರುಗುಟ್ಟುತ್ತಿತ್ತು. ನಾನು ಸ್ವರ ಕೂಡುವವರೆಗೆ ಕಾದು, ಕ್ಲಚ್ ಬಿಟ್ಟು, ಮುಂದಕ್ಕೆ ಹೋಗುತ್ತಿದ್ದೆ.